ಹಿಂದಿನ ಸೀಟು

ಚನ್ನಪಟ್ಟಣದ ಶೋರೂಮಿನಲ್ಲಿ ಸೇಲ್ಸ್‌ಮನ್ ಓವೈಸ್ ಬೈಕಿನ ಕೀ ತಂದು ಮುಂದೆ ಹಿಡಿದಾಗ ಜಯಕುಮಾರ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ.

“ಬ್ಯಾಡ ಬುಡಿ. ನೋಡುದ್ರೆ ಗೊತ್ತಾಯ್ತದಲ್ಲ.”

“ಸುಮ್ನೆ ಒಂದ್ ರೌಂಡ್ ಹೋಗ್ಬನ್ನಿ ಸಾರ್. ಕೆಂಗಲ್ ತನಕ ಹೋದ್ರೆ ಆಂಜನೇಯಂಗೂ ಕೈ ಮುಗ್ದಂಗಾಯ್ತದೆ.”

“ಸ್ಕೂಟ್ರು ತೋರ್ಸಿ.”

ಪಕ್ಕದಲ್ಲಿದ್ದ ಮಂಗಳಾ ಕೀ ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಕೀ ನೋಡಿದಳು. “ಹಂಗಾದ್ರೆ ನಾನು ಒಂದ್ ರೌಂಡ್ ನೋಡ್ಲಾ?” ಎಂದಳು.

ಓವೈಸ್ ನಕ್ಕ. ಅವಳು ಬ್ಯಾಗಿನಿಂದ ಡ್ರೈವಿಂಗ್ ಲೈಸೆನ್ಸ್ ತೆಗೆದು ತೋರಿಸಿದ ಮೇಲೆ ಅವನ ನಗು ನಿಂತಿತು. ಜಯಕುಮಾರನೂ ಬಗ್ಗಿ ನೋಡಿದ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಅಂಥದೊಂದು ಕಾರ್ಡು ಹೆಂಡತಿಯ ಬ್ಯಾಗಿನಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಮಂಗಳಾ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದಳು. ಒಂದೇ ಕಿಕ್ಕು. ಕ್ಲಚ್ ಎಷ್ಟು ಮೆಲ್ಲಗೆ ಬಿಟ್ಟಳೆಂದರೆ ಬೈಕು ಹೊರಟಿದ್ದೇ ತಿಳಿಯಲಿಲ್ಲ. ಮೈಸೂರು ರಸ್ತೆಯ ಲಾರಿ ಬಸ್ಸುಗಳ ನಡುವೆ ಅವಳ ಹಸಿರು ವೇಲು ಒಂದು ಗಳಿಗೆ ಕಂಡು ಮರೆಯಾಯಿತು. ಹತ್ತು ನಿಮಿಷದ ಮೇಲೆ ವಾಪಸು ಬಂದಾಗ ಹಣೆಯ ಮೇಲೆ ಕೂದಲು ಚೆದುರಿತ್ತು, ಕೆನ್ನೆ ಕೆಂಪಾಗಿತ್ತು, ಕಣ್ಣು ನೀರಾಡುತ್ತಿತ್ತು. ಅವಳು ಇಷ್ಟು ಚೆಂದ ಇದ್ದಾಳೆಯೇ ಎನಿಸಿತು ಜಯಕುಮಾರನಿಗೆ. ಹಾಗೆ ಅನಿಸಿದ ಮರುಗಳಿಗೆಯೇ ಎದೆಯಲ್ಲಿ ಏನೋ ಚುಚ್ಚಿತು.

“ಯಾರು ಕಲ್ಸಿದ್ದು?”

“ಮನೋಹರ,” ಎಂದಳು ಮಂಗಳಾ, ಕೂದಲು ಸರಿಮಾಡಿಕೊಳ್ಳುತ್ತ. “ನಮ್ ಸೋದರಮಾವನ ಮಗ. ಮದ್ವೇಲಿ ನೋಡಿದ್ರಲ್ಲ, ಬಿಳೀ ಶರ್ಟು.”

ಬಿಳಿ ಶರ್ಟು ಜಯಕುಮಾರನಿಗೆ ಚೆನ್ನಾಗಿ ನೆನಪಿತ್ತು. ಎತ್ತರದ ಆಳು. ಸೋದರಮಾವನ ಮಗನೆಂದರೆ ಕಟ್ಟಿಕೊಳ್ಳುವ ವರಸೆ.

“ಸ್ಕೂಟ್ರೇ ತಗೊಳವ,” ಎಂದು ಅವನು ಓವೈಸ್‌ಗೆ ಹೇಳಿದ. “ಪಿತೃಪಕ್ಷ ಕಳೀಲಿ. ಆಯುಧಪೂಜೆಗೆ ಬತ್ತೀವಿ.”

*

ಗಾಡಿಯ ಆಸೆ ಇಬ್ಬರದೂ. ಜಯಕುಮಾರನಿಗೆ ಬಿಡದಿಯ ಹತ್ತಿರ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಕಂಪನಿ ಬಸ್ಸು ಚನ್ನಪಟ್ಟಣದಲ್ಲಿ ಹತ್ತಿಸಿಕೊಂಡು ಅಲ್ಲೇ ಇಳಿಸುತ್ತಿತ್ತು. ಮಂಗಳಾ ರಾಮನಗರದ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಅವಳು ಬೈರಾಪಟ್ಟಣದ ಮನೆಗೆ ಬರುವ ಹೊತ್ತಿಗೆ ಅವನು ಹೊರಟಿರುತ್ತಿದ್ದ. ಅವನು ಬರುವಾಗ ಅವಳು ನಿದ್ದೆಯಲ್ಲಿ. ಗಂಡ ಹೆಂಡಿರಿಗೆ ಸಿಗುತ್ತಿದ್ದದ್ದು ಭಾನುವಾರ ಒಂದೇ. ಆ ಒಂದು ದಿನಕ್ಕೆ ಕಣ್ವ ಜಲಾಶಯ, ಸಾವನದುರ್ಗ, ಮಂಚನಬೆಲೆ ಅಂತ ಸುತ್ತಬೇಕು, ಅದಕ್ಕೊಂದು ಗಾಡಿ ಬೇಕು ಎಂದು ಮದುವೆಯಾದ ವಾರದಲ್ಲೇ ಮಾತಾಗಿತ್ತು. ಯಾವ ಗಾಡಿ ಎಂಬುದಷ್ಟೇ ತೀರ್ಮಾನವಾಗಿರಲಿಲ್ಲ.

ಜಯಕುಮಾರನ ಅವ್ವ ವೆಂಕಟಲಕ್ಷ್ಮಮ್ಮ ಸ್ಕೂಟರಿನ ಪಕ್ಷ. “ಮುಂದ್ಗಡೆ ಕಾಲಿಡೋ ಜಾಗ್ದಲ್ಲಿ ಒಂದ್ ರಾಗಿ ಮೂಟೆ ಇಕ್ಕುದ್ರೆ ಮಿಲ್ಲಿಗೆ ಹೋಗ್ಬರ್ಬೋದು,” ಎಂದಿದ್ದರು.

“ಅತ್ತೆ, ಅದು ತಿರುಗಾಡೋಕೆ ಅಂತ ತಗೊಳ್ಳೋದು,” ಎಂದಿದ್ದಳು ಮಂಗಳಾ. “ಬೈಕಾದ್ರೆ ಚಕ್ರ ದೊಡ್ದು, ಹಳ್ಳಕೊಳ್ಳ ತಡೀತದೆ. ಬೆಟ್ಟದ್ ರೋಡಲ್ಲಿ ಗೇರ್ ಇಳ್ಸಿದ್ರೆ ಆರಾಮಾಗಿ ಎಳೀತದೆ.”

ಶೋರೂಮಿಗೆ ಹೋಗುವ ಮೊದಲು ಜಯಕುಮಾರ ಇದನ್ನೆಲ್ಲ ಹೆಮ್ಮೆಯಿಂದಲೇ ಕೇಳಿದ್ದ. ಈಗ ಅವಳು ಗೇರು ಎಂದಾಗಲೆಲ್ಲ ಅವನ ಕಣ್ಣಿಗೆ ಅವಳ ತವರು ವಿರೂಪಾಕ್ಷಿಪುರದ ಕೆರೆ ಏರಿ ಬರುತ್ತಿತ್ತು. ಏರಿಯ ಮೇಲೆ ಬೈಕು. ಬೈಕಿನ ಮೇಲೆ ಮಂಗಳಾ. ಅವಳ ಬೆನ್ನ ಹಿಂದೆ ಬಿಳಿ ಶರ್ಟು. ಗೇರು ಕಲಿಸುವವನು ಕೈ ಮೇಲೆ ಕೈ ಇಡದೆ ಹೇಗೆ ಕಲಿಸುತ್ತಾನೆ? ಫ್ಯಾಕ್ಟರಿಯಲ್ಲಿ ಮೆಷಿನ್ನಿನ ಲಿವರ್ ಎಳೆಯುವಾಗಲೂ ಅದೇ ಯೋಚನೆ. ಒಂದು ಭಾನುವಾರ ತಟ್ಟೆಯ ಮುಂದೆ ಕೂತು, “ಎಷ್ಟ್ ದಿವ್ಸ ಕಲ್ಸಿದ?” ಎಂದು ಕೇಳಿಯೇಬಿಟ್ಟ.

“ಯಾರು?”

“ಅದೇ, ನಿಮ್ ಮಾವನ್ ಮಗ.”

“ಒಂದ್ ತಿಂಗ್ಳು. ಯಾಕೆ?”

“ಸುಮ್ನೆ ಕೇಳ್ದೆ.”

ಮಂಗಳಾ ಸಾರಿನ ಸೌಟು ಹಿಡಿದು ಅವನ ಮುಖವನ್ನೇ ನೋಡುತ್ತ ನಿಂತಳು, ಇನ್ನೇನಾದರೂ ಕೇಳುತ್ತಾನೇನೋ ಎನ್ನುವಂತೆ. ಅವನು ತಲೆ ತಗ್ಗಿಸಿ ಮುದ್ದೆ ಮುರಿದ. ಅವಳು ಸಾರು ಬಡಿಸಿ ಒಳಗೆ ಹೋದಳು.

ಅಂದಿನಿಂದ ಆ ಮನೆಯಲ್ಲಿ ಬೈಕಿನ ಮಾತು ನಿಂತಿತು. ಜೊತೆಗೆ ಬೇರೆ ಮಾತುಗಳೂ ಒಂದೊಂದಾಗಿ ಕಮ್ಮಿಯಾದವು.

*

ಮಹಾಲಯ ಅಮಾವಾಸ್ಯೆಗೆ ವಿರೂಪಾಕ್ಷಿಪುರದ ಮಾವನ ಮನೆಯಿಂದ ಕರೆ ಬಂತು. ಹಿರಿಯರಿಗೆ ಎಡೆ ಇಟ್ಟು, ಬಂಧುಗಳೆಲ್ಲ ಬಾಡೂಟಕ್ಕೆ ಸೇರಿದ್ದರು. ಹೊಸ ಅಳಿಯನಿಗೆ ರೇಷ್ಮೆ ಅಂಚಿನ ಪಂಚೆ ಉಡಿಸಿದ್ದರು. ಊಟ ಮುಗಿಸಿ ಎಲೆ ಅಡಿಕೆ ಹಾಕುವ ಹೊತ್ತಿಗೆ ಅಂಗಳದಲ್ಲಿ ಬೈಕಿನ ಸದ್ದಾಯಿತು. ಮನೋಹರ.

ಅವನೀಗ ಫ್ಯಾಕ್ಟರಿಗಳ ಸುತ್ತಮುತ್ತ ಸೈಟು ತೋರಿಸುವ ವ್ಯವಹಾರಕ್ಕೆ ಇಳಿದಿದ್ದ. ಮಾತಿನಲ್ಲಿ ಬೆಲ್ಲವೇ. ಬಂದವನೇ ಜಯಕುಮಾರನ ಕೈ ಹಿಡಿದುಕೊಂಡ.

“ಎಂಗಿದ್ದೀರಣ್ಣ? ವರಸೇಲಿ ನಾವಿಬ್ರೂ ಅಣ್ ತಮ್ಮಂದ್ರು, ಗೊತ್ತಲ್ಲ!”

ಗೊತ್ತಿತ್ತು. ಒಬ್ಬಳೇ ಹೆಣ್ಣನ್ನು ಕಟ್ಟಿಕೊಳ್ಳಬಹುದಾದ ಇಬ್ಬರು ಗಂಡಸರು ವರಸೆಯಲ್ಲಿ ಅಣ್ಣ ತಮ್ಮಂದಿರೇ ಆಗಬೇಕು. ಅಷ್ಟು ಸರಳವಾದ ಲೆಕ್ಕ ಅಂದು ಜಯಕುಮಾರನ ಗಂಟಲಲ್ಲಿ ಮೂಳೆಯಂತೆ ಸಿಕ್ಕಿಕೊಂಡಿತು.

“ಗಾಡಿ ತಗೋತೀರಂತೆ. ಬೈಕೇ ತಗೊಳಿ. ನಮ್ ಮಂಗಳಾಗೆ ಸ್ಕೂಟ್ರು ಸರಿಹೋಗಕಿಲ್ಲ,” ಎಂದ ಮನೋಹರ. ಕೀ ತೆಗೆದು ಚಾಚಿದ. “ಒಂದ್ ರೌಂಡ್ ಓಡ್ಸಿ ನೋಡಿ.”

ನಮ್ ಮಂಗಳಾ! ಜಗಲಿಯ ಮೇಲೆ ಮಾವ, ಭಾವಮೈದ, ಊರಿನ ನಾಲ್ಕು ಜನ. ಬಾಗಿಲ ಬಳಿ ಹೆಂಗಸರು, ಅವರ ನಡುವೆ ಮಂಗಳಾ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಜಯಕುಮಾರ ಕೀ ಕಿತ್ತುಕೊಂಡು, ಪಂಚೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ ಬೈಕು ಹತ್ತಿದ್ದ.

ಅವನಿಗೆ ಬರುತ್ತಿದ್ದದ್ದು ಸೈಕಲ್ಲು ಮತ್ತು ಅಪ್ಪನ ಕಾಲದ ಮೊಪೆಡ್ಡು. ನಾಲ್ಕನೇ ಸಲಕ್ಕೆ ಬೈಕು ಸ್ಟಾರ್ಟಾಯಿತು. ಕಂಪನಿ ಬಸ್ಸಿನ ಡ್ರೈವರ್ ಮಾಡುವುದನ್ನು ನೆನೆಸಿಕೊಂಡು ಗೇರು ತುಳಿದ, ಆಕ್ಸಿಲರೇಟರ್ ತಿರುಗಿಸಿದ, ಕ್ಲಚ್ಚನ್ನು ಒಂದೇ ಸಲ ಬಿಟ್ಟ. ಬೈಕು ಹಗ್ಗ ಬಿಚ್ಚಿದ ಹೋರಿಯಂತೆ ನೆಗೆದು ಅಂಗಳ ದಾಟಿ ಬೇಲಿಗೆ ನುಗ್ಗಿ ಬಲಕ್ಕೆ ಬಿತ್ತು. ಅವನ ಬಲಗಾಲು ಅದರ ಅಡಿಯಲ್ಲಿ.

ಮೊದಲು ಓಡಿ ಬಂದವಳು ಮಂಗಳಾ. ಅವಳು ಅವನ ಕಡೆ ತಿರುಗಿಯೂ ನೋಡದೆ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಹಲ್ಲು ಕಚ್ಚಿ, ಬೈಕನ್ನು ಎತ್ತಿ ನಿಲ್ಲಿಸಿದಳು. ಜಗಲಿಯಲ್ಲಿ ಯಾರೋ ಕಿಸಕ್ಕೆಂದರು. ಮನೋಹರ ಮಾತ್ರ ನಗಲಿಲ್ಲ. ಬಂದು ಕೈ ಕೊಟ್ಟು ಎಬ್ಬಿಸಿದ. ಅವನು ನಕ್ಕಿದ್ದರೇ ವಾಸಿಯಿತ್ತು.

*

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅವನನ್ನು ಕೂರಿಸಿ ಮಂಗಳಾ ಕಾಲಿನ ಮೇಲೆ ತಣ್ಣೀರು ಸುರಿದಳು. ಮೀನಖಂಡದ ಮೇಲೆ ರೂಪಾಯಿ ಅಗಲದಷ್ಟು ಚರ್ಮ ಸುಟ್ಟು ಕೆಂಪಾಗಿತ್ತು. ಬೇಲಿ ಪಕ್ಕದ ಲೋಳೆಸರ ಮುರಿದು ತಂದು ಹಚ್ಚತೊಡಗಿದಳು.

“ನನ್ನ ಬುಡು. ಗಾಡಿಗೆ ಏನಾಯ್ತು ನೋಡೋಗು,” ಎಂದ ಜಯಕುಮಾರ.

ಅವಳ ಕೈ ನಿಂತಿತು. “ಏನಂದ್ರಿ?”

“ಮೊದ್ಲು ಅದನ್ನೇ ಅಲ್ವಾ ನೀನು ಎತ್ತಿದ್ದು? ಅವ್ನ ಗಾಡಿ.”

“ಅದ್ರ ಸೈಲೆನ್ಸರ್ ನಿಮ್ ಕಾಲ್ ಮೇಲಿತ್ತು!” ಅವಳ ದನಿ ಏರಿತು. “ಕುಂತ್ಕಂಡು ‘ನೋವಾಯ್ತಾ ರೀ’ ಅಂತ ಕೇಳಿದ್ದಿದ್ರೆ ಕಾಲು ಬೆಂದು ಹಪ್ಪಳ ಆಗಿರೋದು.”

ಜಯಕುಮಾರ ಸುಟ್ಟ ಗಾಯ ನೋಡಿದ. ಅವಳ ಅಂಗೈ ನೋಡಿದ. ಬೇಲಿಯ ಮುಳ್ಳು ಗೀರಿ ಅಲ್ಲೂ ರಕ್ತ ಜಿನುಗಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಆದರೂ ಒಳಗಿನ ಕಿಚ್ಚು ಸುಮ್ಮನಿರಲಿಲ್ಲ. ಇಪ್ಪತ್ತು ದಿನದಿಂದ ನುಂಗಿಕೊಂಡಿದ್ದ ಪ್ರಶ್ನೆ ಹೊರಬಂತು.

“ಅವ್ನ ಮೇಲೆ ನಿಂಗೆ ಇಷ್ಟ ಇತ್ತಾ?”

ಅವಳು ಲೋಳೆಸರ ಕೆಳಗಿಟ್ಟಳು. “ಇತ್ತು.”

ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದ. ಇಲ್ಲ ಎಂದಿದ್ದರೆ ನಂಬುತ್ತಿರಲಿಲ್ಲ ಎಂಬುದೂ ಅವನಿಗೆ ಆಗಲೇ ಹೊಳೆಯಿತು.

“ಎರಡ್ ವರ್ಷ ಇತ್ತು,” ಎಂದಳು ಮಂಗಳಾ. “ಮನೇಲೂ ಅವ್ನಿಗೇ ಅಂತ ಮಾತಿತ್ತು. ನಾನೇ ಬ್ಯಾಡ ಅಂದೆ.”

“ಯಾಕೆ?”

“ಬೈಕು ಕಲ್ಸಿದ. ಚೆನ್ನಾಗೇ ಕಲ್ಸಿದ. ಕಲ್ತಾದ್ ಮೇಲೆ ಒಂದಿನ, ನಾನು ಓಡುಸ್ತೀನಿ, ಹಿಂದೆ ಕುಂತ್ಕೋ, ಚನ್ನಪಟ್ಣಕ್ಕೆ ಹೋಗ್ಬರವ ಅಂದೆ. ‘ಹೆಣ್ ಹಿಂದೆ ಕುಂತ್ಕಂಡು ಊರೊಳಗೆ ಹೋಗೋಕೆ ನಾನೇನ್ ಮೂಟೆನಾ’ ಅಂದ. ಏರಿ ಮೇಲಾದ್ರೆ ಓಡ್ಸು, ಜನ ಇರೋ ಕಡೆ ನಾನ್ ಓಡುಸ್ತೀನಿ ಅಂದ. ಆಮೇಲೆ ನೋಡ್ತಾ ಹೋದೆ, ಎಲ್ಲದ್ರಲ್ಲೂ ಅವ್ನು ಹಂಗೇ. ಕೆಟ್ಟೋನಲ್ಲ. ನಂಗೆ ಬ್ಯಾಡ ಅನ್ನಿಸ್ತು.” ಅವಳು ಕಣ್ಣೆತ್ತಿದಳು. “ನೀವು ಕೇಳ್ತೀರಾ, ಕೇಳುದ್ರೆ ಹೇಳವ ಅಂತ ಕಾಯ್ತಿದ್ದೆ. ನೀವು ಸ್ಕೂಟ್ರು ಸ್ಕೂಟ್ರು ಅಂತ ಜಪ ಮಾಡುದ್ರಿ.”

ಸೀಬೆ ಮರದಲ್ಲಿ ಅಳಿಲೊಂದು ಕಿಚಕಿಚ ಎನ್ನುತ್ತಿತ್ತು. ಜಯಕುಮಾರ ಪಂಚೆಗೆ ಅಂಟಿದ್ದ ಬೇಲಿಯ ಮುಳ್ಳೊಂದನ್ನು ಕಿತ್ತು ಎಸೆದ.

“ನಂಗೆ ಗೇರ್ ಗಾಡಿ ಬರಕಿಲ್ಲ ಮಂಗಳಾ.”

“ಗೊತ್ತಾಯ್ತು. ಬೇಲಿಗೂ ಗೊತ್ತಾಯ್ತು.”

ಅವನಿಗೆ ನಗು ಬಂತು. ನಗುವಾಗ ಕಾಲು ಚುರ್ರೆಂದಿತು.

“ಉರೀತೈತೆ ಕಣೇ.”

“ಕಾಲಾ, ಹೊಟ್ಟೆನಾ?”

“ಎರಡೂ,” ಎಂದ. ಆಮೇಲೆ ಅವಳ ಗೀರಿದ ಅಂಗೈಯನ್ನು ತನ್ನ ಕೈಗೆ ತೆಗೆದುಕೊಂಡ. “ಅವತ್ತು ಶೋರೂಮಿಗೆ ವಾಪಸ್ ಬಂದ್ಯಲ್ಲ, ಆ ಮುಖ ನಾನು ಯಾವತ್ತೂ ನೋಡಿರ್ಲಿಲ್ಲ. ನನ್ ಜೊತೆ ಇದ್ದಾಗ ಹಂಗೆ ಇರ್ಲಿಲ್ಲ ನೀನು. ಅದುಕ್ಕೇ ಹೊಟ್ಟೆಕಿಚ್ಚು. ನಂಗೆ ನಿನ್ ಮೇಲೆ ಪ್ರಾಣ. ಹೇಳಕ್ಕೆ ಬರ್ಲಿಲ್ಲ.”

ಮಂಗಳಾ ಮುಖ ತಿರುಗಿಸಿ ಲೋಳೆಸರ ಹುಡುಕಿದಳು. ಅದು ಅವಳ ಮಡಿಲ ಪಕ್ಕದಲ್ಲೇ ಇತ್ತು.

“ಸ್ಕೂಟ್ರೇ ತಗೊಳವ ಬುಡಿ,” ಎಂದಳು ಸಣ್ಣ ದನಿಯಲ್ಲಿ. “ನಿಮ್ಗೂ ಸುಲಭ.”

“ಬ್ಯಾಡ. ಬೈಕು. ನೀನ್ ಓಡ್ಸು, ನಾನು ಹಿಂದೆ ಕುಂತ್ಕೋತೀನಿ. ನಮ್ಮೂರ್ ಮಧ್ಯದಲ್ಲೇ ಹೋಗವ.”

ಅವಳು ಮತ್ತೆ ಲೋಳೆಸರ ಹಚ್ಚತೊಡಗಿದಳು. ಗಾಯದ ಸುತ್ತ ಆಡುತ್ತಿದ್ದ ಬೆರಳು ಗಾಯವಿಲ್ಲದ ಕಡೆಗೂ ಸ್ವಲ್ಪ ಹೊತ್ತು ಓಡಾಡಿತು.

*

ಆಯುಧಪೂಜೆಯ ದಿನ ಕಪ್ಪು ಬಣ್ಣದ ಹಗುರ ಬೈಕು ಮನೆಗೆ ಬಂತು. ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟ ಮೇಲೆ ವೆಂಕಟಲಕ್ಷ್ಮಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರು. “ಇದ್ರಲ್ಲಿ ಮೂಟೆ ಎಲ್ಲಿಗ್ಲಾ ಇಕ್ಕಾದು?” ಎಂದರು.

“ಮೂಟೆ ನಾನೇ ಕಣವ್ವ,” ಎಂದ ಜಯಕುಮಾರ. ಮಂಗಳಾ ಸೆರಗು ಬಾಯಿಗೆ ಒತ್ತಿಕೊಂಡಳು.

ಭಾನುವಾರ ಬೆಳಿಗ್ಗೆ ಇಬ್ಬರೂ ಹೊರಟರು. ಹಿಂದಿನ ಸೀಟಿನಲ್ಲಿ ಕೂತ ಮೇಲೆ ಕೈಯನ್ನು ಎಲ್ಲಿ ಇಡಬೇಕೆಂಬುದೇ ಜಯಕುಮಾರನಿಗೆ ತಿಳಿಯಲಿಲ್ಲ. ಮೊದಲು ತನ್ನ ತೊಡೆ ಮೇಲೆ ಇಟ್ಟುಕೊಂಡ. ಆಮೇಲೆ ಹಿಂದಿನ ಕಂಬಿ ಹಿಡಿದ. ಟೀ ಅಂಗಡಿಯ ಮುಂದೆ ಕೂತಿದ್ದ ಮುನಿಯಪ್ಪ ಲೋಟ ಕೆಳಗಿಟ್ಟು ಕೂಗಿದ: “ಏನ್ಲಾ ಜಯ, ಉಲ್ಟಾ ಕುಂತಿದ್ದೀಯಲ್ಲೋ!”

ಬೆನ್ನ ಮೇಲೆ ಹತ್ತು ಜನರ ಕಣ್ಣು ಬಿದ್ದದ್ದು ಗೊತ್ತಾಯಿತು. ಮುಂದೆ ಮಂಗಳಾಳ ಭುಜ ಬಿಗಿಯಿತು. ಅವನು ಏನು ಮಾಡುತ್ತಾನೋ ಎಂದು ಅವಳು ಕಾಯುತ್ತಿದ್ದಳು.

“ಸರಿಯಾಗೇ ಕುಂತಿವ್ನಿ ಕಣಣ್ಣ. ನನಗಿಂತ ಅವ್ಳೇ ಚೆಂದಾಗ್ ಓಡುಸ್ತಾಳೆ!” ಎಂದು ಜಯಕುಮಾರ ಅಂಗಡಿಯವರೆಲ್ಲರಿಗೂ ಕೇಳುವ ಹಾಗೆ ಹೇಳಿ, ಕಂಬಿ ಬಿಟ್ಟು ಅವಳ ಸೊಂಟ ಹಿಡಿದುಕೊಂಡ.

ರಾಮನಗರ ದಾಟಿ ಮಾಗಡಿ ರಸ್ತೆಗೆ ತಿರುಗಿದ ಮೇಲೆ ಬಂಡೆ ಬೆಟ್ಟಗಳು ಎರಡೂ ಕಡೆ ಎದ್ದವು. ಮಂಚನಬೆಲೆಯ ಹತ್ತಿರ ವಾಹನಗಳಿಲ್ಲದ ನೇರ ರಸ್ತೆ ಸಿಕ್ಕಿದಾಗ ಮಂಗಳಾ ಬೈಕು ನಿಲ್ಲಿಸಿ ಇಳಿದಳು. “ಈಗ ನೀವು,” ಎಂದಳು.

ಅವನು ಮುಂದೆ ಕೂತ. ಅವಳು ಹಿಂದೆ ಕೂತು, ಎಡಗೈ ಚಾಚಿ ಅವನ ಕೈಯ ಮೇಲೆ ಇಟ್ಟಳು. “ಮೆಲ್ಲುಕ್ ಬುಡಿ. ಇನ್ನೂ ಮೆಲ್ಲುಕೆ.” ಬೈಕು ಎಗರಿ ನಿಂತಿತು. ಮತ್ತೊಮ್ಮೆ. ಮೂರನೇ ಸಲವೂ. ಅವಳ ಉಸಿರು ಅವನ ಕಿವಿಯ ಹಿಂದೆ ಬೆಚ್ಚಗೆ ತಾಗುತ್ತಿತ್ತು. ಕ್ಲಚ್ಚಿನ ಮೇಲೆ ಗಮನ ಇಡುವುದು ಹೇಗೆ? ಆಗಲೂ ಆ ಹಾಳು ಯೋಚನೆ ಬಂದೇ ಬಂತು.

“ಅವ್ನೂ ಹಿಂಗೇ ಕೈ ಮೇಲೆ ಕೈ ಇಟ್ಟು ಕಲ್ಸಿದ್ನಾ?”

ಮಂಗಳಾ ಅವನ ಬೆನ್ನಿಗೊಂದು ಗುದ್ದಿದಳು. “ಇನ್ನೊಂದ್ ಸಲ ಅವ್ನ ಮಾತೆತ್ತಿದ್ರೆ ಇಲ್ಲೇ ಇಳ್ದು ನಮ್ಮನೆಗೆ ನಡ್ಕಂಡೋಯ್ತೀನಿ.”

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ನಮ್ಮನೆ ಎಂದರೆ ವಿರೂಪಾಕ್ಷಿಪುರ. ಜಯಕುಮಾರನ ಮುಖ ಬಾಡಿತು. ಬ್ರೇಕಿನ ಮೇಲಿದ್ದ ಕಾಲು ಸಡಿಲವಾಯಿತು.

“ವಿರೂಪಾಕ್ಷಿಪುರಕ್ಕಾ?” ಎಂದ.

“ಅಲ್ಯಾಕೆ ಹೋಗ್ಲಿ?” ಎಂದಳು ಮಂಗಳಾ, ಗಲ್ಲವನ್ನು ಅವನ ಭುಜದ ಮೇಲೆ ಊರಿ. “ಬೈರಾಪಟ್ಣಕ್ಕೆ. ನೀವೂ ಸಂಜೆಗೆ ಅಲ್ಲಿಗೇ ಬರ್ಬೇಕಲ್ಲ. ಗೇರ್ ಹಾಕಿ ಈಗ.”

ಅವನು ಗೇರು ಹಾಕಿದ. ಈ ಸಲ ಬೈಕು ಎಗರಲಿಲ್ಲ.