ಸೋಮವಾರ ಹೊರಡದ ಎತ್ತು

"ಬಿಡ್ರೀ ಅದನ್ನ! ಮೊದಲ ಕೈ ಇಟ್ಟಾಕಿ ನಾನು!"

"ಕೈ ನೀವು ಇಟ್ಟಿರಬಹುದು. ಕಣ್ಣು ಮೊದಲ ನಾ ಇಟ್ಟೇನ್ರಿ!"

ಗೋಕಾಕದಲ್ಲಿ ಖಂಡೆಪ್ಪ ಕಾಕಾನ ರದ್ದಿ ಅಂಗಡಿ. ಹಳೇ ಪುಸ್ತಕದ ಗುಡ್ಡೆಯ ಮುಂದೆ ಇಬ್ಬರು ನಿಂತಿದ್ದರು, ಇಬ್ಬರ ಕೈಯಲ್ಲೂ ಒಂದೇ ಕಾಮಿಕ್ಸ್! 'ಗುಡುಗುವೀರ', ಹನ್ನೆರಡನೆಯ ಭಾಗ. ಕೊನೆಯ ಭಾಗ.

ಒಂದು ಮೂಲೆ ಹಿಡಿದವಳು ರಾಜೇಶ್ವರಿ. ಕಲ್ಲೋಳಿಯಿಂದ ದಿನಾ ಬಸ್ಸಿಗೆ ಬಂದು ಇಲ್ಲಿನ ಚಶ್ಮಾ ಅಂಗಡಿಯಲ್ಲಿ ಕೆಲಸ ಮಾಡುವವಳು. ಇನ್ನೊಂದು ಮೂಲೆ ಹಿಡಿದವನು ಯಾರೋ ಅವಳಿಗೆ ಗೊತ್ತಿಲ್ಲ. ಬಿಸಿಲಿಗೆ ಕಂದಿದ ಮುಖ, ಅದರಲ್ಲಿ ನಗುವ ಕಣ್ಣು ಬೇರೆ! ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಗುಡುಗುವೀರ ಮುಖವಾಡ ತಗೀತಾನೋ ಇಲ್ಲೋ... ಅದನ್ನ ತಿಳಕೊಳ್ಳಾಕ ಆರು ವರ್ಷ ಕಾದೇನ್ರಿ," ಎಂದಳು.

ಅವನು ಮೆಲ್ಲನೆ ಕೈ ಬಿಟ್ಟ. "ಹಂಗಾರ ನೀವ ಒಯ್ಯಿರಿ. ಓದಿ ಕಾಕಾರ ಹಂತ್ಯಾಕ ಇಡ್ರಿ, ಮುಂದಿನ ಸೋಮವಾರ ಬಂದ ಒಯ್ತೇನಿ."

"ಸೋಮವಾರನ ಯಾಕ?"

"ಅದೊಂದ ದಿನಾ ನನಗ ಸೂಟಿ."

ಹೆಸರೂ ಹೇಳದೆ ಹೋಗಿಬಿಟ್ಟ. 'ಯಾರಿವನು? ಸೋಮವಾರ ರಜೆ ಕೊಡುವ ಕೆಲಸ ಯಾವುದಪ್ಪಾ?' ರಾಜೇಶ್ವರಿಗೆ ಕುತೂಹಲ ಅನ್ನುವುದು ಹುಟ್ಟಿನಿಂದ ಬಂದ ರೋಗ, ಮದ್ದಿಲ್ಲ.

ಸೂಪರ್‌ಹೀರೋಗಳ ವಿಷಯದಲ್ಲಂತೂ ಕೇಳಲೇಬೇಡಿ. ಹಾರಾಡಿ ಬಂದವನ ಬಟ್ಟೆ ಒಗೆಯುವವರು ಯಾರು? ಒಂದು ಚಶ್ಮಾ ಹಾಕಿಕೊಂಡ ಮಾತ್ರಕ್ಕೆ ಜೊತೆಗಿದ್ದವರಿಗೂ ಗುರುತು ಸಿಗದಂತೆ ಆಗುತ್ತದೆಯೇ? ದಿನಕ್ಕೆ ಮೂವತ್ತು ಜನರಿಗೆ ಚಶ್ಮಾ ಹಾಕಿ ನೋಡುವ ತಾನು ಇದನ್ನು ನಂಬಬೇಕೇ?

ಇಂಥ ಪ್ರಶ್ನೆಗಳನ್ನು ನಗದೆ ಕೇಳಿಸಿಕೊಳ್ಳುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ... ಸಿಡಿಲುಗೊಂಬು!

ಅದು ಅವನ ನಿಜವಾದ ಹೆಸರಲ್ಲ. 'ಕವಚಪಡೆ' ಎಂಬ ಆನ್‌ಲೈನ್ ಆಟದಲ್ಲಿ ಅವನು ಸಿಡಿಲುಗೊಂಬು, ಅವಳು ನೀಲಿಮುಸುಕು. ಅವನ ಬಲವೆಲ್ಲ ಸರ್ಜಾ ಎಂಬ ಉಕ್ಕಿನ ಎತ್ತು. ಎಂಟು ತಿಂಗಳಿಂದ ಒಂದೇ ತಂಡ. ಆಟ ಮುಗಿದ ಮೇಲೂ ಇಬ್ಬರೂ ಹರಕು ಮುರುಕು ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಬರೆದುಕೊಳ್ಳುತ್ತಿದ್ದರು. ಹೆಸರು, ಊರು ಕೇಳಬಾರದೆಂದು ಷರತ್ತು ಹಾಕಿದವಳು ಅವಳೇ. ಮುಖವಾಡ ತೆಗೆದರೆ ಕಥೆ ಮುಗಿಯಿತು ಎಂಬುದು ಅವಳ ಸಿದ್ಧಾಂತ. ಆದರೂ ಮುಂಬೈಯವನೋ, ದುಬೈಯವನೋ ಎಂದು ದಿನಾ ಲೆಕ್ಕ ಹಾಕುತ್ತಿದ್ದಳು. ಅವನ ಮಾತಿಲ್ಲದ ದಿನ ಅವಳಿಗೆ ಉಂಡದ್ದೂ ರುಚಿಸುತ್ತಿರಲಿಲ್ಲ.

ಪುಸ್ತಕ ಸಿಕ್ಕ ಆ ಸೋಮವಾರ ಸಂಜೆಯೇ ಸೆಮಿಫೈನಲ್. ಗೆದ್ದರೆ ತಂಡ ಮೊದಲ ಬಾರಿ ಫೈನಲ್ಲಿಗೆ! ಕೊನೆಯ ಕ್ಷಣ, ಎದುರಾಳಿಗಳು ಅವಳನ್ನು ಸುತ್ತುವರಿದರು. 'ಸರ್ಜಾನನ್ನು ಬಿಡು!' ಎಂದು ಬರೆದಳು. ಮತ್ತೆ ಬರೆದಳು. ಅವನು ಒಬ್ಬನೇ ಬರಿಗೈಯಲ್ಲಿ ನುಗ್ಗಿ ಬಂದು ಅವಳ ಮುಂದೆ ನಿಂತು ಏಟು ತಿಂದ. ಎತ್ತು ಮಾತ್ರ ಹೊರಗೆ ಬರಲೇ ಇಲ್ಲ!

ಸೋತರು.

ಸಿಟ್ಟಿನ ಕೈಗೆ ಬುದ್ಧಿ ಎಲ್ಲಿಯದು? 'ನೀನು ಹೇಡಿ' ಎಂದು ಕಳಿಸಿಬಿಟ್ಟಳು.

ಉತ್ತರ ಎರಡೇ ಪದ. 'ಸಾರಿ. ಮಂಡೇ.' ಅಷ್ಟೇ. ತಂಡ ಬಿಟ್ಟು ಹೋದ.

ಮಂಡೇ? ಸೋಮವಾರವಾದರೆ ಏನಾಯಿತು? ವಾರವಿಡೀ ಅವಳ ತಲೆಯಲ್ಲಿ ಅದೇ ಕೊರೆತ. ಎದೆಯಲ್ಲಿ ಮಾತ್ರ ಬೇರೆಯೇ ನೋವು... ಇನ್ನೆಂದೂ ಬರುವುದಿಲ್ಲವೇ ಅವನು?

ಮುಂದಿನ ಸೋಮವಾರ ಬೆಳಿಗ್ಗೆ. ಬಾಗಿಲಲ್ಲಿ ಅಜ್ಜಿ ಕಾಶೆವ್ವನ ಗದ್ದಲ. ಪಕ್ಕದ ಮನೆಯವರು ಎತ್ತು ಹೂಡಲು ಹೊರಟಿದ್ದರು.

"ಏನ್ ಬುದ್ಧಿಗಿದ್ಧಿ ಐತೇನು ನಿಮಗ? ಇವತ್ತ ಸೋಮವಾರ, ಬಸವಣ್ಣನ ವಾರ! ಎತ್ತಿನ ಹೆಗಲಿಗೆ ನೊಗಾ ಇಡ್ತಾರೇನು?"

ಹಲ್ಲುಜ್ಜುತ್ತಿದ್ದ ರಾಜೇಶ್ವರಿ ನಿಂತಲ್ಲೇ ನಿಂತಳು. ತಮ್ಮ ಮನೆಗೆ ಟ್ರ್ಯಾಕ್ಟರ್ ಬಂದು ಹತ್ತು ವರ್ಷ, ಬಸವಣ್ಣನ ವಾರದ ನೆನಪೇ ಅವಳಿಗೆ ಹೋಗಿತ್ತು. ಫೋನ್ ತೆಗೆದು ಹಳೇ ಪಂದ್ಯಗಳನ್ನೆಲ್ಲ ನೋಡಿದಳು. ಎಂಟು ತಿಂಗಳು... ಒಂದೇ ಒಂದು ಸೋಮವಾರವೂ ಸರ್ಜಾ ಹೊರಟಿಲ್ಲ!

'ಅಯ್ಯೋ ನಮ್ಮವ್ವಾ! ದುಬೈ ಅಲ್ಲ... ಇವನು ನಮ್ಮ ಕಡೆಯವನು!'

ಹಿಂದೆಯೇ ಇನ್ನೊಂದು ಮಾತು ನೆನಪಾಯಿತು. *ಅದೊಂದ ದಿನಾ ನನಗ ಸೂಟಿ.* ಎತ್ತಿಗೆ ಸೂಟಿ ಇದ್ದ ದಿನವೇ ಎತ್ತು ಹೂಡುವವನಿಗೂ ಸೂಟಿ!

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ ರದ್ದಿ ಅಂಗಡಿಗೆ ಓಡಿದಳು. ಅವನಿದ್ದ. ಮುಖದಲ್ಲಿ ಕಳೆ ಇರಲಿಲ್ಲ.

"ಪುಸ್ತಕ ತಂದೀರೇನ್ರಿ?"

"ನಿಮ್ಮ ಎತ್ತಿನ ಹೆಸರೇನ್ರಿ?"

ಅವನು ಬೆಪ್ಪಾದ. "ಸರ್ಜಾ... ಯಾಕ್ರಿ?"

ಅವಳ ಕಣ್ಣು ತುಂಬಿತು. ಎದುರಿಗೇ ನಿಂತು ಜಗಳವಾಡಿದರೂ ಗುರುತು ಸಿಕ್ಕಿರಲಿಲ್ಲ! ಕಾಮಿಕ್ಸಿನಲ್ಲಿ ಬರೆಯುವುದು ಸುಳ್ಳಲ್ಲ ಹಾಗಾದರೆ.

ಪುಸ್ತಕ ಅವನ ಕೈಗಿಟ್ಟಳು. "ಕಡೀ ಹಾಳಿ ಹರದ ಹೋಗೇತ್ರಿ. ಗುಡುಗುವೀರ ಮುಖವಾಡ ತಗದನೋ ಇಲ್ಲೋ ನನಗ ಗೊತ್ತಿಲ್ಲ. ನಾ ಮಾತ್ರ ತಗಿಯಾಕತ್ತೇನಿ... ನೀಲಿಮುಸುಕು ಅಂದ್ರ ನಾನ. ನಿಮಗ ಹೇಡಿ ಅಂದಾಕಿ."

ಅವನ ಕೈಯಿಂದ ಪುಸ್ತಕ ಜಾರಿತು. ಖಂಡೆಪ್ಪ ಕಾಕಾ ತಕ್ಕಡಿ ಬಿಟ್ಟು ಇತ್ತ ಕಣ್ಣರಳಿಸಿ ಕೂತ.

"ನೀವ...?" ಅವನು ಬಗ್ಗಿ ಪುಸ್ತಕ ಎತ್ತಿಕೊಂಡ. "ನಾ ಮಾಲಿಂಗ. ಕಣಗಲಾ ಊರಾಂವ. ಆಟದಾಗಿಂದು ಖರೆ ಎತ್ತಲ್ಲ ಅಂತ ನನಗೂ ಗೊತ್ತೈತ್ರಿ. ಆದ್ರ ನಮ್ಮ ಮನಿ ಎತ್ತಿನ ಹೆಸರ ಇಟ್ಟೇನಿ. ಹೆಸರಿಟ್ಟ ಮ್ಯಾಲ ಸೋಮವಾರ ಹೆಂಗ ದುಡಸಲಿ?"

"ಮೊದಲ ಹೇಳಬಾರದಿತ್ತೇನು?"

"ಊರು ತಿಳಿಯೂ ಮಾತು ಆಡಬಾರದು ಅಂದಾಕಿ ನೀವ. ಹೇಳಿದ್ರ ನೀವ ಬಿಟ್ಟ ಹೋಗಿಬಿಡ್ತೀರಿ ಅಂತ ಅಂಜಿಕಿ ಆತು."

ಪ್ರತಿ ಸೂಪರ್‌ಹೀರೋಗೂ ಮುರಿಯಲಾರದ ಒಂದು ನೇಮ ಇರುತ್ತದೆ ಎಂದು ಅವಳೇ ನೂರು ಸಲ ಬರೆದಿದ್ದಳು. ಅಂಥವನೊಬ್ಬ ಮುಂದೆ ನಿಂತು ತನಗಾಗಿ ಏಟು ತಿಂದಾಗ ಹೇಡಿ ಎಂದಿದ್ದಳು.

"ತಪ್ಪಾತು," ಎಂದಳು. "ಒಂದ ವಾರ ನೀವಿಲ್ಲದ ನನಗ ಇರಾಕ ಆಗಲಿಲ್ರಿ. ಮಾಲಿಂಗ ಅನ್ನೂ ಹೆಸರ ಗೊತ್ತಿರಲಿಲ್ಲ, ಆದ್ರ ಪ್ರೀತಿ ನಿಮ್ಮ ಮ್ಯಾಲ ಇತ್ತು."

ಅವನು ನಕ್ಕ. ಆ ಕಣ್ಣು ಮತ್ತೆ ಬೆಳಗಿತು. "ನನಗ ನಿಮ್ಮ ಹೆಸರ ಇನ್ನೂ ಗೊತ್ತಿಲ್ಲ. ನನ್ನ ಪ್ರೀತಿನೂ ಹಂಗ ಐತಿ."

"ರಾಜೇಶ್ವರಿ."

"ರಾಜೇಶ್ವರಿ... ಮುಂದಿನ ಪಂದ್ಯ ಮತ್ತ ಸೋಮವಾರ ಬಂದ್ರ? ಸರ್ಜಾ ಹೊರಡೂದಿಲ್ಲ ಮತ್ತ."

"ಬ್ಯಾಡ ಬಿಡ್ರಿ. ಸೋಲೂಣು."

"ಸೋತ್ರ ಮತ್ತ ಬೈತೀರಿ?"

"ಬೈತೇನಿ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಆದ್ರ ಬಾಜೂಕ ಕುಂತ ಬೈತೇನಿ."