ಪದವಿಪತ್ರದ ಹಿಂಬದಿ

ಆ ಬಹುಮಾನ ನ್ಯಾಯವಾಗಿ ನಿಯೆವೆಸ್‌ಗೇ ಸಲ್ಲಬೇಕಿತ್ತು. ಸ್ಪೇನಿನ ಪಲೆನ್ಸಿಯಾದಲ್ಲಿ ಸರ್ಕಾರಿ ಮೊಹರಿನ ಅನುವಾದಕಿಯಾಗಿ ಸವೆದ ಅವಳ ತಾಯಿ ಅದೊರಾಸಿಯೋನ್‌ಗೆ ಅದರಲ್ಲಿ ಅನುಮಾನವಿರಲಿಲ್ಲ. ತಾನು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ಮಗಳು ಕೊನೆಯ ಪರೀಕ್ಷೆ ಬಿಟ್ಟು ಹಾಸಿಗೆಯ ಪಕ್ಕ ಕೂತಿದ್ದಳು. ಮರುಪರೀಕ್ಷೆ ಬರೆದವರಿಗೆ ಪದವಿಯ ವಿಶೇಷ ಬಹುಮಾನವಿಲ್ಲ. ಅದು ಬೇರೆ ಯಾರ ಪಾಲಿಗೋ ಹೋಯಿತು.

ಈಗ ಐರ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸ ಕಲಿಸುವ ಕೆಲಸ ಖಾಲಿಯಿತ್ತು. ಇದೂ ತಪ್ಪಿದರೆ ಮಗಳು ಚಿಕ್ಕಪ್ಪನ ಚಪ್ಪಲಿ ಅಂಗಡಿಯಲ್ಲೇ ಮುದುಕಿಯಾಗಬೇಕು.

"ಊರವರ ಪದವಿಪತ್ರಾನೆಲ್ಲ ಇಂಗ್ಲಿಷಿಗೆ ಹಾಕಿದೀಯಲ್ಲಮ್ಮಾ, ನಂದೂ ಒಂದು ಹಾಕು," ಎಂದು ನಿಯೆವೆಸ್ ಪದವಿಪತ್ರವನ್ನು ಬೇಳೆಸಾರಿನ ಬಟ್ಟಲ ಪಕ್ಕ ಇಟ್ಟಳು.

"ಬಟ್ಟಲು ಆಚೆಗಿಡೇ. ಕಲೆ ಬಿದ್ರೆ ಅದನ್ನೂ ಅನುವಾದ ಮಾಡ್ಬೇಕಾಗುತ್ತೆ."

ಮೂಲಪತ್ರ ತಿದ್ದುವುದು ಪೆದ್ದರ ಕೆಲಸ. ಅದೊರಾಸಿಯೋನ್ ಅದನ್ನು ಮುಟ್ಟಲೇ ಇಲ್ಲ. ಇಂಥ ಬಹುಮಾನವನ್ನು ಪತ್ರದ ಹಿಂಬದಿಯಲ್ಲಿ, ಸಣ್ಣಕ್ಷರದ ದಾಖಲೆ ಸಾಲುಗಳ ನಡುವೆ ನಮೂದಿಸುವುದು ವಾಡಿಕೆ. ಮಗಳ ಪತ್ರದಲ್ಲಿಲ್ಲದ ಆ ಬಹುಮಾನದ ಸಾಲನ್ನು ಇಂಗ್ಲಿಷ್ ಅನುವಾದದಲ್ಲಿ ಇದೆಯೆಂದು ಬರೆದು ಮೊಹರು ಒತ್ತಿದಳು. ಐರಿಷರು ಮೂಲ ಓದುವುದಿಲ್ಲ, ಮೊಹರು ನೋಡುತ್ತಾರೆ. ಅಂಕಗಳನ್ನು ಹಿಗ್ಗಿಸುವ ಆಸೆಯನ್ನೂ ತಡೆದುಕೊಂಡಳು. ದುರಾಸೆ ಬೇಗ ಕಣ್ಣಿಗೆ ಬೀಳುತ್ತದೆ. ಮಗಳು ಓದದಿರಲೆಂದು ಲಕೋಟೆ ಅಂಟಿಸಿ ತಾನೇ ಅಂಚೆಗೆ ಹಾಕಿ ಬಂದಳು. ಹೆದರಿಕೆಯಾಗಬಹುದೆಂದು ಕಾದಳು. ಬಂದದ್ದು ಬರೀ ನಿದ್ದೆ.

ಒಂದು ಸಂಜೆ ನಿಯೆವೆಸ್ ಕೋಟು ಬಿಚ್ಚುತ್ತಲೇ ನಕ್ಕಳು. "ಕೊನೇ ಸುತ್ತಿಗೆ ಇಬ್ಬರನ್ನೇ ಉಳಿಸ್ಕೊಂಡಿದಾರಂತಮ್ಮಾ. ಇನ್ನೊಬ್ಬಳು ಯಾರು ಹೇಳು? ನಮ್ಮ ಕ್ಲಾಸಿನ ಲೆಯೊನೋರ್, ಆ ಬಹುಮಾನ ಹೊಡ್ಕೊಂಡ ಮಹಾರಾಣಿ. ಅವಳ ಪದವಿಪತ್ರಾನೂ ನೀನೇ ಇಂಗ್ಲಿಷಿಗೆ ಹಾಕ್ಕೊಟ್ಟಿದ್ಯಂತೆ. ನೆನಪಿಲ್ವಾ?" ಅದೊರಾಸಿಯೋನ್‌ಗೆ ನೆನಪಿರಲಿಲ್ಲ, ಹೆಸರುಗಳನ್ನು ಗಮನಿಸುವುದನ್ನು ಅವಳು ಬಿಟ್ಟು ಎಷ್ಟೋ ಕಾಲವಾಗಿತ್ತು. ನೆನಪಾದದ್ದು ಬೇರೆ. ಆ ಬಹುಮಾನದ ಬೆಲೆ ಹೊರದೇಶದವರಿಗೆ ತಿಳಿಯಲೆಂದು ಅದರ ಕೆಳಗೆ ಪ್ರತಿಸಲವೂ ಒಂದು ಟಿಪ್ಪಣಿ ಹಾಕುವುದು ಅವಳ ರೂಢಿ. ಮಗಳ ಹಾಳೆಯಲ್ಲೂ ಕೈ ತಾನಾಗಿಯೇ ಅದನ್ನು ಬರೆದಿತ್ತು. ಐರ್ಲೆಂಡಿನ ಮೇಜಿನ ಮೇಲೆ ಅಕ್ಕಪಕ್ಕ ಬಿದ್ದಿರುವ ಎರಡು ಹಾಳೆಗಳಲ್ಲೂ, ಅದೇ ಪದವಿ, ಅದೇ ವರ್ಷದ ಕೆಳಗೆ, ಅವಳದೇ ಮೊಹರಿನ ಪಕ್ಕ ಬರೆದಿತ್ತು: ಈ ಬಹುಮಾನವನ್ನು ವರ್ಷಕ್ಕೆ ಒಬ್ಬ ವಿದ್ಯಾರ್ಥಿಗೆ ಮಾತ್ರ ಕೊಡಲಾಗುತ್ತದೆ.