ಎಡಕ್ಕೆ ವಾಲಿ ನಿಂತ ಕಾರು

೨೦೦೯ರ ಅಕ್ಟೋಬರ್ ೧೨, ಸೋಮವಾರ. ಬೆಳಿಗ್ಗೆ ಎಂಟೂ ಹತ್ತಕ್ಕೆ ನಾರ್ತ್ ಕ್ಯಾರೊಲೈನಾದ ಕ್ಯಾಡಲ್ ಕೌಂಟಿ ಶೆರಿಫ್ ಕಚೇರಿಗೆ ಗ್ರೇಡಿ ಪ್ರಾಫಿಟ್ ಬಂದರು. ಮನೆತನದ ಹೆಸರು ಪ್ರಾಫಿಟ್ ಆದರೂ ಆ ದಿನ ಅವರು ತಂದದ್ದು ನಷ್ಟದ ದೂರು.

"ಮೂವತ್ತೆಂಟು ಹೋಯ್ತು," ಎಂದರು.

ಕ್ಯಾಡಲ್ ಕೌಂಟಿಯಲ್ಲಿ ಮೂವತ್ತೆಂಟು ಎಂದರೆ ವಯಸ್ಸಲ್ಲ, ಸೊಂಟದ ಅಳತೆಯೂ ಅಲ್ಲ. ಹಾರ್ಲನ್ ಮಾಸ್ಟಿನ್ ೧೯೬೬ರ ದೊಡ್ಡ ರೇಸು ಗೆದ್ದ ಕೆಂಪು ಫೋರ್ಡ್ ಗಾಡಿಯ ನಂಬರು. ಡಿಟೆಕ್ಟಿವ್ ಲೊರೀನ್ ಆಬ್ಶರ್ ಕಾಫಿ ಲೋಟ ಬದಿಗಿಟ್ಟು ಪೆನ್ನು ಎತ್ತಿಕೊಂಡಳು.

"ಕೊನೇ ಸಲ ನೋಡಿದ್ದು?"

"ಶನಿವಾರ ಸಂಜೆ. ಗುಡ್‌ನೈಟ್ ಹೇಳಿ ಬಂದೆ."

"ಕಾರಿಗಾ?"

"ಮತ್ತೆ? ಹೆಂಡ್ತಿಗೂ ಹೇಳ್ತೀನಿ. ಆಮೇಲೆ."

"ನೆನ್ನೆ?"

"ನೆನ್ನೆ ಹೋಮ್‌ಕಮಿಂಗ್ ಭಾನುವಾರ ಅಲ್ವಾ, ಊರು ಬಿಟ್ಟೋರೂ ಚರ್ಚಿಗೆ ವಾಪಸ್ ಬರೋ ದಿನ. ಪ್ರಾರ್ಥನೆ, ಆಮೇಲೆ ಅಂಗಳದಲ್ಲಿ ಊಟ. ಇಡೀ ಕೌಂಟಿ ಚರ್ಚಲ್ಲಿತ್ತು. ತಿಂದಿದ್ದು ಭಾರ ಆಗಿ ಷೆಡ್ ಕಡೆ ಹೋಗಲೇ ಇಲ್ಲ."

"ಬೀಗ ಒಡೆದಿದ್ದಾರಾ?"

"ಇಲ್ಲ. ಕೀ ಬಾಗಿಲ ಪಕ್ಕ ಕಾಫಿ ಡಬ್ಬದಲ್ಲಿರುತ್ತೆ."

"ಯಾರ್‍ಯಾರಿಗೆ ಗೊತ್ತು?"

"ಅದೇನು ಗುಟ್ಟಾ?" ಎಂದರು ಪ್ರಾಫಿಟ್.

ಕೋಳಿ ಫಾರಂಗಳ ಒಡೆಯರಾದ ಅವರು ಮಾಸ್ಟಿನ್ ಓಡಿಸಿದ ಕಾರುಗಳನ್ನು ಇಪ್ಪತ್ತು ವರ್ಷಗಳಿಂದ ಹುಡುಕಿ ಹುಡುಕಿ ಕೂಡಿಹಾಕಿದ್ದರು. ಒಂದು ಟೆನ್ನೆಸ್ಸಿಯ ಗುಜರಿಯಲ್ಲಿ ಸಿಕ್ಕಿತ್ತು, ಇನ್ನೊಂದರಲ್ಲಿ ಯಾರೋ ಮೇಕೆ ಸಾಕಿದ್ದರು. ಈಗ ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಮ್ಯೂಸಿಯಮ್ಮೊಂದು ಮುಂದೆ ಬಂದಿತ್ತು. ಬೆಲೆ ಕಟ್ಟಲು ಆಲ್ಡೆನ್ ವೀಕ್ಸ್ ಎಂಬ ತಜ್ಞ ಗುರುವಾರ ಇಂಡಿಯಾನಾದಿಂದ ಬರುವುದಿತ್ತು.

"ಮೂವತ್ತೆಂಟು ಇಲ್ಲ ಅಂದ್ರೆ ಉಳಿದಿದ್ದೆಲ್ಲ ಬರೀ ಹಳೇ ಕಾರು, ಲೊರೀನ್. ಮ್ಯೂಸಿಯಮ್‌ನೋರು ಫೋನೂ ಎತ್ತಲ್ಲ."

ದೂರು ದಾಖಲಾಯಿತು. ಒಂಬತ್ತೂವರೆಗೆ ಲೊರೀನ್ ಡೆಪ್ಯುಟಿ ಕಾಯ್ ಶೂಮೇಟನೊಂದಿಗೆ ಸ್ಥಳ ಮಹಜರಿಗೆ ಹೊರಟಳು.

ಕಾಯ್‌ಗೆ ಯಾರ ದನಿಯಾದರೂ ಒಂದು ಸಲ ಕಿವಿಗೆ ಬಿದ್ದರೆ ಸಾಕು, ಗಂಟಲಿಗೆ ಇಳಿಯುತ್ತಿತ್ತು. ಸ್ಟೀರಿಂಗ್ ಹಿಡಿದವನೇ ಮೂಗಿನಲ್ಲಿ ಹಳೆಯ ರೇಡಿಯೊ ವೀಕ್ಷಕ ವಿವರಣೆ ಶುರುಮಾಡಿದ. "ಕೊನೇ ಸುತ್ತು ಮಹನೀಯರೇ! ಮೂರನೇ ತಿರುವು! ಮಾಸ್ಟಿನ್ ಒಳಗಿಂದ ನುಗ್ಗಿದ್ರು! ಕಳ್ಳಭಟ್ಟಿ ಸಾಗಿಸಿ ಜೈಲಿಗೆ ಹೋಗಿದ್ದ ಮನುಷ್ಯ, ಇನ್ನು ಮೋಸ ಇಲ್ಲ ಅಂತ ಹೆಂಡತಿ ವೇಡಾಗೆ ಬೈಬಲ್ ಮುಟ್ಟಿ ಮಾತು ಕೊಟ್ಟ ಮನುಷ್ಯ, ನೇರ ದಾರಿಯಲ್ಲಿ, ನೇರವಾಗಿ—"

"ರಸ್ತೆ ನೋಡು," ಎಂದಳು ಲೊರೀನ್.

ಆ ವಿವರಣೆ ಕೌಂಟಿಯಲ್ಲಿ ಎಲ್ಲರಿಗೂ ಬಾಯಿಪಾಠ. ಮಾಸ್ಟಿನ್ ಅದಕ್ಕೂ ಮೊದಲು ಗೆದ್ದಿದ್ದರು, ಆಮೇಲೂ ಗೆದ್ದರು. ಜನ ಎತ್ತಿ ಆಡುತ್ತಿದ್ದದ್ದು ಮಾತ್ರ ಇದೊಂದನ್ನೇ. ತಪ್ಪು ಬಿಟ್ಟ ಮನುಷ್ಯನಿಗೆ ದೇವರು ಕೊಟ್ಟ ಗೆಲುವು ಎಂದು ಚರ್ಚಿನಲ್ಲೂ ಹೇಳುತ್ತಿದ್ದರು.

ಕೋಳಿಗಳನ್ನು ಹೊರಗಟ್ಟಿ ಕಾರುಗಳನ್ನು ಒಳಗಿಟ್ಟಿದ್ದ ಉದ್ದನೆಯ ಷೆಡ್ಡು. ಒಳಗೆ ಇನ್ನೂ ಸ್ವಲ್ಪ ಕೋಳಿಯ ವಾಸನೆಯಿತ್ತು. ಗೋಡೆಯ ಕಪಾಟಿನ ಬೆಳ್ಳಿಯ ಕಪ್ಪುಗಳು ಇದ್ದಲ್ಲೇ ಇದ್ದವು. ಮೂವತ್ತೆಂಟು ನಿಂತಿದ್ದ ಜಾಗ ಹಲ್ಲು ಕಿತ್ತ ವಸಡಿನಂತೆ ಖಾಲಿ. ಅದರ ಮುಂದೆ, ದಾರಿಗೆ ಅಡ್ಡವಾಗಿ, ಒಂದು ನೀಲಿ ಕಾರು.

"ಇದನ್ನ ಸರಿಸದೆ ಅದು ಹೊರಗೆ ಬರಲ್ಲ," ಎಂದಳು ಲೊರೀನ್. "ಸರಿಸಿ, ಮತ್ತೆ ಇಲ್ಲೇ ತಂದು ನಿಲ್ಲಿಸಿದಾರೆ. ಮರ್ಯಾದಸ್ಥ ಕಳ್ಳ."

"ಅದು ಹೆಂಗೆ ಸರಿಸ್ತಾರೆ?" ಎಂದರು ಪ್ರಾಫಿಟ್. "ಅದರ ನಾಲ್ಕೂ ಟೈರು ಕೂತು ವರ್ಷಗಳಾಗಿತ್ತು."

ಈಗ ನಾಲ್ಕರಲ್ಲೂ ಗಾಳಿಯಿತ್ತು. ಲೊರೀನ್ ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿದಳು. ನೆಲ ಸಮತಟ್ಟಾಗಿತ್ತು. ಕಾರು ಮಾತ್ರ ತುಸು ಎಡಕ್ಕೆ ವಾಲಿತ್ತು. ಗಾಳಿ ಅಳೆಯುವ ಗೇಜು ತರಿಸಿ ತಾನೇ ಮಂಡಿಯೂರಿ ಅಳೆದಳು. ಎಡಗಡೆಯ ಎರಡಕ್ಕೂ ಇಪ್ಪತ್ತೆರಡು ಪೌಂಡು. ಬಲಗಡೆಯ ಎರಡಕ್ಕೂ ನಲವತ್ತು.

"ಮಿಸ್ಟರ್ ಗ್ರೇಡಿ, ನಿಮ್ಮ ಆಳುಗಳು ಗಾಳಿ ಹೊಡೆದ್ರೆ?"

"ನಾಲ್ಕಕ್ಕೂ ಒಂದೇ. ಲಾರಿಗೆ ಹೊಡೆದಂಗೆ."

ಲೊರೀನಳ ಅಪ್ಪ ಶನಿವಾರಗಳಂದು ಮಣ್ಣಿನ ಟ್ರ್ಯಾಕಿನಲ್ಲಿ ಕಾರು ಓಡಿಸುತ್ತಿದ್ದವರು. ದುಂಡು ಹಾದಿಯ ಕಾರು ಜೀವಮಾನವೆಲ್ಲ ಎಡಕ್ಕೇ ತಿರುಗುತ್ತದೆ. ಭಾರವೆಲ್ಲ ಬಲಗಾಲಿಗಳ ಮೇಲೆ ಬೀಳುತ್ತದೆ. ಅದಕ್ಕೆ ರೇಸಿನವರು ಬಲಕ್ಕೆ ಗಾಳಿ ಹೆಚ್ಚು, ಎಡಕ್ಕೆ ಕಡಿಮೆ ಹಾಕುತ್ತಾರೆ. ಷೆಡ್ಡಿನೊಳಗೆ ಹತ್ತು ಮಾರು ತಳ್ಳುವ ಕಾರಿಗೆ ಇದು ಬೇಕಿಲ್ಲ. ಕಳ್ಳನ ತಲೆ ಕಳವಿನ ಚಿಂತೆಯಲ್ಲಿದ್ದಾಗ ಅವನ ಕೈ ತನ್ನ ಪಾಡಿಗೆ ಹಳೆಯ ಕೆಲಸ ಮಾಡಿಬಿಟ್ಟಿತ್ತು.

"ಮಾಸ್ಟಿನ್ ಕಾರುಗಳ ಟೈರು ಯಾರು ನೋಡ್ಕೋತಿದ್ರು?"

ಪ್ರಾಫಿಟ್ ಬೆರಳು ಮಡಚಿದರು. "ಜೂಬಲ್ ಸ್ಟಾಲಿ, ಸತ್ತು ಹೋದ. ಅವನ ತಮ್ಮ ವೃದ್ಧಾಶ್ರಮದಲ್ಲಿ ಗಾಲಿಕುರ್ಚಿ ಮೇಲಿದಾನೆ. ಇನ್ನು ಮಾಸ್ಟಿನ್ ಅವರ ಮುಖ್ಯ ಮೆಕ್ಯಾನಿಕ್ಕು, ಓಡೆಲ್ ಕಿಲ್ಬಿ." ಮೂರನೇ ಬೆರಳು ಮಡಚಲಿಲ್ಲ. "ಛೆ, ಓಡೆಲ್ ಅಲ್ಲ ಬಿಡು."

ಹೊರಗೆ ಬಂದ ಮೇಲೆ ಕಾಯ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಈ ಸಲ ಸ್ವಂತ ದನಿಯಲ್ಲೇ ಮಾತಾಡಿದ.

"ಮಿಸ್ ಲೊರೀನ್, ಓಡೆಲ್ ಮಾಮ ನೆನ್ನೆ ಚರ್ಚಿಗೆ ಬಂದಿರಲಿಲ್ಲ."

"ಹುಷಾರಿರಲಿಲ್ವೇನೋ."

"ಪ್ರಾರ್ಥನೆಗೆ ಬರದಿದ್ರೆ ಇರಲಿ. ಊಟಕ್ಕೂ ಬರಲಿಲ್ಲ. ನಮ್ಮಮ್ಮ ಮಾಡಿದ ಕೋಳಿ ಹುರಿದಿದ್ದು ಇತ್ತು. ಜ್ವರ ಬಂದಿದ್ದ ವರ್ಷಾನೂ ಅವರು ಅದನ್ನ ಬಿಟ್ಟಿರಲಿಲ್ಲ."

ಹನ್ನೊಂದು ಗಂಟೆಗೆ ಲೊರೀನ್ ಬೆಲೆ ಕಟ್ಟುವ ವೀಕ್ಸ್‌ಗೆ ಫೋನ್ ಮಾಡಿದಳು. ಅವರು ಮಾತಿಗೆ ಬರಗಾಲವಿಲ್ಲದ ಮನುಷ್ಯ. ಹಳೆಯ ರೇಸ್ ಕಾರಿನ ಬಾಗಿಲು, ಬಣ್ಣ, ಎಂಜಿನ್ ಎಲ್ಲ ಬದಲಾಗಿರುತ್ತದೆ. ಅಸಲಿಯೋ ನಕಲಿಯೋ ಹೇಳುವುದು ಅಡಿಯ ಚೌಕಟ್ಟು ಮಾತ್ರ ಎಂದು ವಿವರಿಸಿದರು.

"ಚೌಕಟ್ಟಿನ ಕೊಳವೆಗಳ ಒಳಗೆ ಸಣ್ಣ ಕ್ಯಾಮೆರಾ ಬಿಡ್ತೀನಿ ಮೇಡಂ. ವೈದ್ಯರು ಹೊಟ್ಟೆಯೊಳಗೆ ಬಿಡ್ತಾರಲ್ಲ, ಹಾಗೆ."

"ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ಗ್ರೇಡಿಯವರಿಗೆ. ಆಮೇಲೆ ಹಳೇ ಮೆಕ್ಯಾನಿಕ್ ಕಿಲ್ಬಿಯವರಿಗೆ, ಹೋದ ವಾರ. ಬೆಸುಗೆ ಎಲ್ಲೆಲ್ಲಿದೆ ಅಂತ ಕೇಳೋಣ ಅಂತ. ಪಾಪ, ಅವರು ಏನೂ ಹೇಳದೆ ಫೋನ್ ಇಟ್ಟುಬಿಟ್ರು."

ಮಧ್ಯಾಹ್ನ ಹಾರ್ಲನ್ ಮಾಸ್ಟಿನ್ ಮನೆಯ ಜಗಲಿ. ಎಂಬತ್ತೊಂದರ ಮಾಸ್ಟಿನ್ ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಕೂತಿದ್ದರು. ಲೊರೀನಳ ಮುಂದೆಯೂ ಒಂದು ಬೊಗಸೆ ಸುರಿದರು.

"ಕಾರು ಹೋದ ಸುದ್ದಿ ಗೊತ್ತಾಯ್ತಾ?"

"ಗ್ರೇಡಿ ಫೋನಲ್ಲಿ ಅತ್ತ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ."

"ಓಡೆಲ್ ಕಿಲ್ಬಿಯವರನ್ನ ಯಾವಾಗ ನೋಡಿದ್ರಿ?"

ಸುಲಿಯುತ್ತಿದ್ದ ಬೆರಳು ನಿಂತಿತು. "ಆ ವೀಕ್ಸ್ ಕ್ಯಾಮೆರಾ ತರ್ತಾನಂತಲ್ಲ, ಗ್ರೇಡಿ ಹೇಳ್ದ," ಎಂದರು ಕೇಳಿದ್ದನ್ನು ಬಿಟ್ಟು. ಆಮೇಲೆ, "ಮಗಳೇ, ಹಿಡಿಯೋದಾದ್ರೆ ಮೆತ್ತಗೆ ಹಿಡಿ. ಅವನಿಗೆ ಭುಜ ನೋವು," ಎಂದರು.

ಯಾರಿಗೆ ಎಂದು ಲೊರೀನ್ ಕೇಳಲಿಲ್ಲ.

ಮಂಗಳವಾರ ನ್ಯಾಯಾಧೀಶರಿಂದ ಶೋಧನಾ ವಾರಂಟ್ ಸಿಕ್ಕಿತು. ಮಧ್ಯಾಹ್ನ ಎರಡೂವರೆಗೆ ಓಡೆಲ್ ಕಿಲ್ಬಿಯ ಗ್ಯಾರೇಜಿನ ಮುಂದೆ, ಕೆಟ್ಟ ಗಾಡಿ ಎಳೆಯುವ ಅವರ ಲಾರಿಯ ಪಕ್ಕ, ಜೀಪು ನಿಂತಿತು. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಓಡೆಲ್ ಕೂತಿದ್ದರು. ಕ್ಷೌರ ಮಾಡಿಕೊಂಡು, ಭಾನುವಾರದ ಅಂಗಿ ತೊಟ್ಟಿದ್ದರು.

"ಬಾ ಮಗಳೇ. ನಿಮ್ಮಪ್ಪನ ಕಾರ್ಬ್ಯುರೇಟರ್ ಇನ್ನೂ ನನ್ನ ಹತ್ರಾನೇ ಇದೆ."

"ಮಿಸ್ಟರ್ ಓಡೆಲ್, ವಾರಂಟ್ ತಂದಿದೀನಿ."

"ಓದಿಬಿಡು. ನಿನ್ನ ಕೆಲಸ ನೀನು ಮಾಡು."

ಅವಳು ಓದಿದಳು. ಕಾಯ್ ಒಳಗಿನ ಟಾರ್ಪಾಲು ಎಳೆದ. ಕೆಂಪು ಫೋರ್ಡ್ ಜ್ಯಾಕುಗಳ ಮೇಲೆ ನಿಂತಿತ್ತು. ಪಕ್ಕದಲ್ಲಿ ಕಬ್ಬಿಣ ಕತ್ತರಿಸುವ ಗ್ಯಾಸಿನ ಉಪಕರಣ, ಬಿಚ್ಚಿಟ್ಟ ರಬ್ಬರ್ ಕೊಳವೆ. ಎಡಗಡೆ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಕತ್ತರಿಸಬೇಕಾದ ಗೆರೆ ಎಳೆದಿತ್ತು. ಕಬ್ಬಿಣಕ್ಕೆ ಮಾತ್ರ ಗೀರೂ ಬಿದ್ದಿರಲಿಲ್ಲ.

"ಭಾನುವಾರದಿಂದ ನೋಡ್ತಾ ಕೂತಿದೀನಿ," ಎಂದರು ಓಡೆಲ್. "ಬೆಂಕಿ ಹಚ್ಚೋದು, ಆರಿಸೋದು. ನಾನೇ ಹಾಕಿದ ಬೆಸುಗೆ. ಕೈ ಬರಲಿಲ್ಲ. ಅದಿರಲಿ, ಎಲ್ಲಿ ಎಡವಿದೆ ನಾನು?"

"ಎಡಗಡೆ ಟೈರಲ್ಲಿ. ಇಪ್ಪತ್ತೆರಡು, ನಲವತ್ತು."

ಓಡೆಲ್ ತಮ್ಮ ಅಂಗೈ ನೋಡಿಕೊಂಡರು. "ಹಾಳಾದ ಕೈ," ಎಂದರು, ಅರ್ಧ ಹೆಮ್ಮೆಯಿಂದ.

ಆಮೇಲೆ ಲೊರೀನ್ ಕೇಳದೆಯೇ ನೆಲಕ್ಕೆ ಕೂತು, ಚೌಕಟ್ಟಿನ ಅಡಿಗೆ ಕೈ ಹಾಕಿ, ಏನನ್ನೋ ಜಗ್ಗಿದರು. ಬೆಂಕಿಪೆಟ್ಟಿಗೆಯಷ್ಟಗಲದ ಮುಚ್ಚಳ ತೆರೆದುಕೊಂಡಿತು. ಒಳಗೆಲ್ಲೋ ಸಿಕ್ಕಿಕೊಂಡಿದ್ದ ನಾಲ್ಕಾರು ಸೀಸದ ಗುಂಡುಗಳು ಟಪಟಪ ಬಿದ್ದು ಉರುಳಿದವು.

"ರೇಸಿಗೆ ಮುಂಚೆ ಕಾರು ತೂಗ್ತಿದ್ರು. ಹಗುರ ಇದ್ರೆ ಜೋರು ಓಡುತ್ತಲ್ಲ, ಅದಕ್ಕೆ ಇಷ್ಟಕ್ಕಿಂತ ಕಮ್ಮಿ ಇರಬಾರದು ಅಂತ. ಕೊಳವೆ ತುಂಬ ಗುಂಡು ತುಂಬಿದ್ದೆ. ಮೊದಲ ಸಲ ಪೆಟ್ರೋಲಿಗೆ ನಿಂತಾಗ ಪಿನ್ನು ಕಿತ್ತೆ. ಮುಂದಿನ ಸುತ್ತಲ್ಲಿ ಅಷ್ಟೂ ಟ್ರ್ಯಾಕಿಗೆ ಸುರಿದುಹೋಯ್ತು. ತೂಗೋವಾಗ ತೂಕದ ಮನುಷ್ಯರು ನಾವು, ಓಡೋವಾಗ ಹತ್ತಿ."

"ಮಾಸ್ಟಿನ್‌ಗೆ?"

"ಅವನಿಗೆ ಗೊತ್ತಿಲ್ಲ!" ಮುದುಕನ ದನಿ ಏರಿತು. "ವೇಡಾಗೆ ಮಾತು ಕೊಟ್ಟಿದ್ದ ಅವನು. ಜೈಲಿಂದ ಬಂದವನಿಗೆ ಬಾಡಿಗೆಗೆ ಮನೆ ಕೊಡೋರಿರಲಿಲ್ಲ. ಗೆಲ್ಲಬೇಕಿತ್ತು. ನಾನು ಗೆಲ್ಲಿಸಿದೆ. ಆ ಒಂದು ಗೆಲುವು ತಲೆದಿಂಬಿನ ಥರ ಇಟ್ಕೊಂಡು ಮಲಗ್ತಾನೆ ಅವನು. ಅದನ್ನ ಎಳೆಯೋಕೆ ಒಂದು ಕ್ಯಾಮೆರಾ ಬರುತ್ತೆ ಅಂದ್ರೆ?"

ಎರಡೂ ಐವತ್ತಕ್ಕೆ ದಸ್ತಗಿರಿ ಮಾಡಲಾಯಿತು. ಕಾಯ್ ಕೈಕೋಳ ಹಿಡಿದು ಲೊರೀನಳ ಮುಖ ನೋಡಿದ. "ಮುಂದುಗಡೆ ಹಾಕು," ಎಂದಳು, "ಭುಜ ನೋವಂತೆ." ಗುಂಡುಗಳನ್ನು ಒಂದೊಂದಾಗಿ ಹೆಕ್ಕಿ, ಚೀಲಕ್ಕೆ ಹಾಕಿ, ಮೊಹರು ಮಾಡಿದರು.

ಕಚೇರಿಗೆ ಬಂದು ವೀಕ್ಸ್‌ಗೆ ವಿಷಯ ತಿಳಿಸಿದಾಗ ಅವರು ಫೋನಿನಲ್ಲೇ ಕುಣಿದರು. "ಕಳ್ಳಬಾಗಿಲಿದೆಯಾ? ಹಾಗಾದ್ರೆ ಅಸಲಿ ಅದೇ! ನಕಲಿ ಮಾಡೋನು ಬಣ್ಣ ನಕಲು ಮಾಡ್ತಾನೆ, ಮೋಸಾನ ನಕಲು ಮಾಡಲ್ಲ. ಬೆಲೆ ಏರುತ್ತೆ ಮೇಡಂ!" ಪ್ರಾಫಿಟ್‌ಗೆ ತಮ್ಮ ಹೆಸರು ಮತ್ತೆ ಒಪ್ಪತೊಡಗಿತು. ದೂರು ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಕೇಳಿದರು. ಅದು ಸರ್ಕಾರಿ ವಕೀಲರು ತೀರ್ಮಾನಿಸುವ ವಿಷಯ ಎಂದಳು ಲೊರೀನ್.

ನಾಲ್ಕು ಗಂಟೆಗೆ ಮಾಸ್ಟಿನ್ ಬಂದರು. ಕೈಯಲ್ಲಿ ಜೋಳದ ರೊಟ್ಟಿ, ಬೇಯಿಸಿದ ಕಾಳಿನ ಡಬ್ಬಿ. ಲೊರೀನ್ ವಿಚಾರಣಾ ಕೋಣೆಯ ಬಾಗಿಲು ತೆರೆದು ತಾನೂ ಗೋಡೆಗೊರಗಿ ನಿಂತಳು.

ಓಡೆಲ್ ತಲೆ ಎತ್ತಲಿಲ್ಲ. "ಹೇಳಿಬಿಟ್ರಾ ನಿಂಗೆ?"

"ಏನು ಹೇಳ್ತಾರೆ, ಪೆದ್ದ," ಎಂದರು ಮಾಸ್ಟಿನ್. "ಟ್ಯಾಂಕ್ ತುಂಬಿಸ್ಕೊಂಡು ಹೊರಟ ಕಾರು ಭಾರ ಆಗ್ಬೇಕು. ಅವತ್ತು ಹಗುರಾಯ್ತು. ನಾನು ಕೂತಿದ್ದು ಡ್ರೈವರ್ ಸೀಟ್ ಮೇಲೆ ಕಣಯ್ಯಾ, ಸೋಫಾ ಮೇಲಲ್ಲ."

ಓಡೆಲ್ ಈಗ ತಲೆ ಎತ್ತಿದರು. "ನಲವತ್ತಮೂರು ವರ್ಷ. ಒಂದು ಮಾತು ಹೇಳಲಿಲ್ಲ."

"ನಂಗೆ ಗೊತ್ತಿಲ್ಲ ಅನ್ನೋ ಸಮಾಧಾನ ನಿಂಗಿತ್ತು. ಕಿತ್ಕೊಳ್ಳೋದ್ಯಾಕೆ ಅಂತ."

"ಚರ್ಚಲ್ಲಿ ಎದ್ದು ನಿಂತು, ಮೋಸ ಮಾಡಲಿಲ್ಲ ಅಂತಿದ್ಯಲ್ಲ?"

"ನಾನು ಮಾಡಲಿಲ್ಲ ಅಂದೆ. ನೀನು ಮಾಡಲಿಲ್ಲ ಅಂದಿದ್ನಾ?"

ಲೊರೀನಳಿಗೆ ನಗು ಬಂತು. ಆದರೆ ಮಾಸ್ಟಿನ್ ನಗುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಓಡೆಲ್ ಮುಂದೆ ಸರಿಸಿದರು. ಕೋಳ ತೊಟ್ಟ ಕೈಗೆ ಎಟುಕುವಂತೆ ರೊಟ್ಟಿ ಮುರಿದಿಟ್ಟರು.

"ಅದೂ ಸುಳ್ಳೇ," ಎಂದರು ಆಮೇಲೆ. "ಗೊತ್ತಾದ ಮೇಲೂ ನಾನು ಆಕ್ಸಿಲರೇಟರ್ ಮೇಲಿಂದ ಕಾಲೆತ್ತಲಿಲ್ಲ. ಎತ್ತಿದ್ರೆ ಎರಡನೆಯವನಾಗ್ತಿದ್ದೆ, ಅಷ್ಟೇ. ಎತ್ತಲಿಲ್ಲ. ತಿನ್ನು, ಆರಿಹೋಗುತ್ತೆ."

ಐದೂವರೆಗೆ ಲೊರೀನ್ ವರದಿ ಬರೆಯಲು ಕೂತಳು. ಕೃತ್ಯದ ಉದ್ದೇಶ ಎಂದಿದ್ದಲ್ಲಿ ಮೊದಲು "ಹಣವಲ್ಲ" ಎಂದು ಬರೆದಳು. ಅದು ಸಾಲದು ಎನ್ನಿಸಿ ಹೊಡೆದುಹಾಕಿ, ಮತ್ತೆ ಬರೆದಳು: "ಗೆಳೆಯನಿಗೆ ಗೊತ್ತಾಗದಿರಲಿ ಎಂದು ಆರೋಪಿಯು ಕಾರನ್ನು ಕದ್ದಿರುತ್ತಾನೆ. ಗೆಳೆಯನಿಗೆ ಗೊತ್ತಿತ್ತು."